ಸುಣ್ಣ-ಬೆಲ್ಲದ ಕೆಳಗಿದ್ದ ಮುಳ್ಳು

ಅವಳ ಬಲಗೈ ಹೆಬ್ಬೆರಳಿನ ಉಗುರಿನಡಿ ಸುಣ್ಣ ಒಣಗಿ ಕೂತಿತ್ತು. ಅಕ್ಕಿಕಾಳಿನ ಅರ್ಧದಷ್ಟು, ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದ ಸುಣ್ಣ. ಎಲೆ ಅಡಿಕೆ ಹಾಕುವವರ ಉಗುರಿನಲ್ಲಿ ಸುಣ್ಣವಿರುವುದು ಹೊಸದೇನಲ್ಲ. ಆದರೆ ಅವಳ ಹಲ್ಲುಗಳು ಬೆಳ್ಳಗಿದ್ದವು, ತುಟಿಯಲ್ಲಿ ಕೆಂಪಿನ ಗುರುತೂ ಇರಲಿಲ್ಲ. ಸುಣ್ಣ ಬಾಯಿಗೆ ಹೋಗಿಲ್ಲ ಎಂದಮೇಲೆ ಇನ್ನೆಲ್ಲಿಗೋ ಹೋಗಿದೆ ಎಂದುಕೊಂಡೆ.

ಆ ಉಗುರನ್ನು ನೋಡಿದ್ದು ಮಸ್ಕಿಯ ಗುರುವಾರದ ಕ್ಲಿನಿಕ್ಕಿನಲ್ಲಿ. ಅದಕ್ಕೆ ಬರುವ ಮುಂಚೆ ನಾನು ಯಾರೆಂದು ಹೇಳಬೇಕು. ಸಿಂಧನೂರಿನ ಮೂವತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಸರ್ಜನ್ ಆಗಿದ್ದೆ. ಮಂಗಳವಾರ ಲಿಂಗಸುಗೂರು, ಗುರುವಾರ ಮಸ್ಕಿ, ಉಳಿದ ದಿನ ಸಿಂಧನೂರು. ಮೂವತ್ತೇಳನೇ ವಯಸ್ಸಿಗೆ ಬಲಗೈಯ ನರದ ತೊಂದರೆಯಿಂದ ಆಪರೇಷನ್ ಮಾಡುವುದನ್ನು ನಿಲ್ಲಿಸಿ ನಿವೃತ್ತಿ ಪಡೆದೆ. ಆ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ" ಎಂದಳು. ಅವಳಿಗಾಗಿ, ಅವಳ ನಂತರ ಬರುವವರಿಗಾಗಿ, ಒಂದೇ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ: ಶಿಶ್ನದೊಳಗೆ ಕೀವು ಕಟ್ಟುವ ಬಾವು. ಪಠ್ಯದಲ್ಲಿ ಅದಕ್ಕಿರುವುದು ಅರ್ಧ ಪುಟ. ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕವರು ಬೆರಳೆಣಿಕೆಯಷ್ಟು. ಆದರೆ ಉಳಿದೆಲ್ಲ ರೋಗಿಗಳಿಂದ ಕಲಿತದ್ದಕ್ಕಿಂತ ಹೆಚ್ಚು ಅವರಿಂದ ಕಲಿತೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ದೊಡ್ಡ ಡಾಕ್ಟರು ಒಂದು ನಿಯಮ ಹೇಳಿದರು. ಆಸ್ಪತ್ರೆ ಕಟ್ಟಿದವರು ಅವರು, ಆಗಲೇ ಅರವತ್ತು ದಾಟಿತ್ತು.

"ನೋಡವ್ವ, ಗಂಡಸರ ಆ ಜಾಗದ್ದು ಏನಿದ್ರೂ ಸೋಮವಾರ ನನಗ ಬಿಡು. ನಿನ್ನ ಮುಂದ ಅವ್ರು ಬಿಚ್ಚಂಗಿಲ್ಲ, ಬಿಚ್ಚು ಅಂತ ನೀನೂ ಅನ್ನಂಗಿಲ್ಲ. ಯಾಕ ಇಬ್ರಿಗೂ ಪಜೀತಿ?"

ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೆ ನಿರಾಳವೇ ಆಯಿತು. ಆ ನಿರಾಳವೇ ನನ್ನ ಮೊದಲ ತಪ್ಪಿಗೆ ಕಾರಣ.

ಮುಕ್ಕುಂದದ ಭತ್ತದ ರೈತರೊಬ್ಬರು ಒಂದು ಬುಧವಾರ ಬಂದರು. ಐವತ್ತರ ಆಸುಪಾಸು, ಬೆಳ್ಳನೆಯ ಲುಂಗಿ, ಹೆಗಲ ಮೇಲೆ ಟವೆಲ್. "ತೊಡಿ ಸಂದ್ಯಾಗ ಗಡ್ಡಿ ಆಗೇತ್ರಿ, ಒಂದೀಟು ಗುಳಿಗಿ ಬರಕೊಡ್ರಿ" ಎಂದು ಗೋಡೆ ಕಡೆ ನೋಡುತ್ತಾ ಹೇಳಿದರು. ನಾನೂ ಮೇಜಿನ ಕಡೆ ನೋಡುತ್ತಾ ಬರೆದುಕೊಟ್ಟೆ. ಹೆಚ್ಚಿಗೆ ಇದ್ದರೆ ಸೋಮವಾರ ಬನ್ನಿ ಎಂದೆ. ಸೋಮವಾರ ಅವರು ಬಂದದ್ದು ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು. ಕೀವು ಬುಡದಿಂದ ಕೆಳಗಿಳಿದು ಚರ್ಮ ಕಪ್ಪಾಗಿತ್ತು, ವಾಸನೆ ಬಾಗಿಲಿಗೇ ಬರುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅವರಿಗೂ ಗೊತ್ತಿರಲಿಲ್ಲ, ಬೆರಳು ಚುಚ್ಚಿ ನೋಡದ ನನಗೂ ಗೊತ್ತಿರಲಿಲ್ಲ. ಅಂದೇ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದೆವು. ಬದುಕಿದರು, ಆದರೆ ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಬೇಕಾಯಿತು, ಮೂರು ತಿಂಗಳು ಗದ್ದೆಗೆ ಇಳಿಯಲಾಗಲಿಲ್ಲ.

ದೊಡ್ಡ ಡಾಕ್ಟರು ನನ್ನನ್ನು ಕೋಣೆಗೆ ಕರೆದರು.

"ಬುಧವಾರ ನೋಡಿದ್ಯಾ?"

"ಇಲ್ಲ ಸರ್."

"ಹಂಗಾರ ಅರ್ಧ ತಪ್ಪು ನಿಂದು. ಸೋಮವಾರ ಅಂತ ಹೇಳಿದವ ನಾನು. ಉಳಿದರ್ಧ ನಂದು."

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಜಾಗ ಕೊಯ್ಯುವುದು ಸೋಮವಾರ, ಅವರೇ ಎಂಬ ನಿಯಮ ಮಾತ್ರ ಹಾಗೇ ಉಳಿಯಿತು. ಆದರೆ ಅಂದಿನಿಂದ ನಾನು ನೋಡದೆ ಯಾರಿಗೂ ಒಂದು ಗುಳಿಗೆಯನ್ನೂ ಬರೆದುಕೊಡಲಿಲ್ಲ.

ನೋಡಬೇಕೆಂದು ನಿರ್ಧರಿಸುವುದು ಬೇರೆ, ತೋರಿಸುವಂತೆ ಮಾಡುವುದು ಬೇರೆ. ಅದನ್ನು ಕಲಿಸಿದವನು ಹುಸೇನಪ್ಪ. ನಮ್ಮ ಡ್ರೆಸ್ಸಿಂಗ್ ಕೋಣೆಯಲ್ಲಿ ಮೂವತ್ತು ವರ್ಷ ಗಾಯ ತೊಳೆದವನು, ಮೂರೂ ಊರಿಗೆ ನನ್ನ ಜೊತೆ ಬರುತ್ತಿದ್ದವನು. ನಾನು ಸೋಲುವುದನ್ನು ಒಂದು ತಿಂಗಳು ನೋಡಿ, ಒಂದು ದಿನ ಚಹಾ ಕುಡಿಯುತ್ತಾ ಹೇಳಿದ:

"ಮೇಡಂ, ನೀವು ಮುಖ ನೋಡಿ ಕೇಳ್ತೀರಿ. ಮುಖ ನೋಡಿ ಕೇಳಿದ್ರ ಯಾವ ಗಂಡಸು ಹೇಳ್ತಾನ್ರಿ? ಏನರ ಬರಕೋತ ಕೇಳ್ರಿ. ಪೆನ್ನು ನಡದಿದ್ರ ಅವ್ರಿಗೆ ಅದು ಸರ್ಕಾರಿ ಕೆಲಸ ಇದ್ದಂಗ. ನಾಚಿಕಿ ಬರಂಗಿಲ್ಲ."

ಹಾಗೇ ಮಾಡಿದೆ. ಬರೆಯಲು ಏನೂ ಇಲ್ಲದಾಗ ದಿನಾಂಕವನ್ನೇ ಎರಡು ಸಲ ಬರೆದೆ. ಪರದೆಯ ಒಳಗೆ ಹುಸೇನಪ್ಪ ನಿಲ್ಲುತ್ತಿದ್ದ, ಅವನು ಕರೆದ ಮೇಲೆ ನಾನು ಹೋಗುತ್ತಿದ್ದೆ. ಯಾವಾಗ ಶುರುವಾಯಿತು, ಪೆಟ್ಟು ಬಿದ್ದಿದೆಯೇ, ಚುಚ್ಚಿದೆಯೇ, ಮೂತ್ರ ಸರಾಗವೇ, ಜ್ವರವಿದೆಯೇ, ಸಕ್ಕರೆ ಇದೆಯೇ, ಬೇರೆಯವರ ಸಂಗವಿತ್ತೇ. ಎಲ್ಲವನ್ನೂ ಒಂದೇ ದನಿಯಲ್ಲಿ ಕೇಳಬೇಕು. ಕೊನೆಯ ಪ್ರಶ್ನೆಗೆ ದನಿ ಇಳಿಸಿದರೆ ಅವನು ಸುಳ್ಳು ಹೇಳುತ್ತಾನೆ.

ಇನ್ನೊಂದು ಸಂಗತಿ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಈ ಕಾಯಿಲೆಯವರು ತಮ್ಮ ಊರಲ್ಲಿ ತೋರಿಸುವುದಿಲ್ಲ. ಲಿಂಗಸುಗೂರಿನವರು ಮಸ್ಕಿಗೆ ಬರುತ್ತಾರೆ, ಮಸ್ಕಿಯವರು ಸಿಂಧನೂರಿಗೆ ಹೋಗುತ್ತಾರೆ, ಸಿಂಧನೂರಿನವರು ಬಸ್ಸು ಹತ್ತಿ ಲಿಂಗಸುಗೂರಿಗೆ. ಒಂದೇ ರಸ್ತೆಯ ಮೂರು ಊರು. ಗುರುತಿನವರು ಸಿಗದ ಊರಿನ ಬೆಂಚಿನ ಮೇಲೆ ಕೂತರೆ ಅವರಿಗೆ ಸಮಾಧಾನ. ಮೊದಲ ಸಲ ಒಂದೂರು, ಡ್ರೆಸ್ಸಿಂಗಿಗೆ ಇನ್ನೊಂದೂರು, ಆಮೇಲೆ ಪತ್ತೆಯೇ ಇಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಶಾಲೆಯ ಮಕ್ಕಳ ನೋಟ್‌ಬುಕ್ ಒಂದನ್ನು ಕೊಡಲು ಶುರುಮಾಡಿದೆ. ಮೇಲೆ ಕಾಯಿಲೆಯ ಹೆಸರಿಲ್ಲ, ಒಳಗೆ ಎಲ್ಲವೂ ಇದೆ. ಮೂರು ಊರಲ್ಲಿ ಎಲ್ಲಿಗೆ ಹೋದರೂ ಪುಟ ತೆರೆದರೆ ಮುಂದಿನವರಿಗೆ ದಾರಿ ಗೊತ್ತಾಗುತ್ತಿತ್ತು. ನಾನು ತಂದ ಬದಲಾವಣೆಗಳಲ್ಲಿ ಇದೇ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದೂ ಇದೇ.

ಈಗ ಆ ಗುರುವಾರ.

ಗಂಡ ಗುರುಗುಂಟಾದವನು, ಹೆಸರು ಅಮರೇಶ, ಕುರಿ ಸಾಕುತ್ತಾನೆ. ಮೂವತ್ತರೊಳಗಿನ ವಯಸ್ಸು. ಹೆಂಡತಿ ದುರುಗಮ್ಮ, ಮುದಗಲ್‌ನ ಮಗಳು. ಮದುವೆಯಾಗಿ ಎರಡು ವರ್ಷ. ಅವನು ಸ್ಟೂಲಿನ ಅಂಚಿನಲ್ಲಿ ಕೂತ, ಅವಳು ಬಾಗಿಲ ಹತ್ತಿರ ನಿಂತಳು.

"ಎಲ್ಲಿ ನೋವು?" ಬರೆಯುತ್ತಾ ಕೇಳಿದೆ.

"ತೊಡಿ ಸಂದ್ಯಾಗ್ರಿ."

"ಎಷ್ಟು ದಿನ ಆತು?"

"ನಾಕೈದು ದಿನ ಆಗಿರಬೇಕ್ರಿ."

ಆಗಲೇ ನಾನು ಆ ಉಗುರನ್ನು ನೋಡಿದ್ದು. ತಲೆ ಎತ್ತದೆ ಅವಳನ್ನು ಕೇಳಿದೆ: "ಸುಣ್ಣ-ಬೆಲ್ಲ ಯಾವಾಗ ಹಚ್ಚಿದಿ, ತಂಗಿ?"

ಅವಳು ಗಂಡನ ಕಡೆ ನೋಡಿದಳು. ಅವನು ಫ್ಯಾನ್ ನೋಡುತ್ತಿದ್ದ.

"ಮೊನ್ನಿರಿ. ಮತ್ತ ನಿನ್ನೀನೂ ಹಚ್ಚೀನ್ರಿ."

"ತೊಡಿಗೇನು?"

ಪರದೆ ಹಿಂದಿನಿಂದ ಹುಸೇನಪ್ಪ ಹೇಳಿದ: "ತೊಡಿಗೆ ಹಚ್ಚಿದ್ರ ಬಸ್ ಸ್ಟ್ಯಾಂಡಿನಿಂದ ಹಂಗ ಕಾಲು ಅಗಲ ಮಾಡಿ ನಡ್ಕೊಂತ ಬರ್ತಿದ್ದಿಲ್ಲೋ ತಮ್ಮ. ನಾ ನೋಡೀನಿ. ಬಾ ಒಳಗ."

ತೊಡೆಯಲ್ಲ, ಶಿಶ್ನದ ಎಡಬದಿ ಊದಿ ಬಿಗಿಯಾಗಿತ್ತು. ಸುಣ್ಣ ಚರ್ಮವನ್ನು ಸುಟ್ಟಿತ್ತು. ಜ್ವರವಿತ್ತು. ಹುಣ್ಣಿಲ್ಲ, ಸ್ರಾವವಿಲ್ಲ, ಮೂತ್ರ ಸರಾಗ. ಬೆರಳು ಚುಚ್ಚಿ ನೋಡಿದರೆ ಸಕ್ಕರೆಯೂ ಸರಿ. ಹಾಗಾದರೆ ಈ ವಯಸ್ಸಿನ, ಆರೋಗ್ಯವಂತ ಗಂಡಸಿಗೆ ಇಲ್ಲಿ ಕೀವು ಏಕೆ? ಕೇಳಬೇಕಾದ್ದನ್ನು ಕೇಳಿದೆ.

"ಇಲ್ರಿ ಮೇಡಂ," ಎಂದ. ಆಮೇಲೆ ನಿಧಾನವಾಗಿ, "ನೀವೂ ಅದನ್ನ ಕೇಳಿದ್ರಿ. ಊರಾಗೂ ಅದನ್ನ ಅನ್ನಾಕತ್ಯಾರ. ಜ್ವರ-ಗಿರ ಬಂದ್ರ ಸೂಜಿ ಮಾಡಾವ ಒಬ್ಬವ ಅದಾನ್ರಿ ನಮ್ಮೂರಾಗ. ಅವ ನೋಡಿ, ಇದು ಹೊರಗಿನ ಹೆಣ್ಣಿನಿಂದ ಬಂದ ಜಡ್ಡು ಅಂದ. ಅವತ್ತ ಸಂಜಿಕ ಮುದಗಲ್ಲಿಗೆ ಸುದ್ದಿ ಹೋತು. ನಾಳಿ ನಮ್ಮ ಮಾವ ಬರ್ತಾನ್ರಿ, ಈಕಿನ್ನ ಕರ್ಕೊಂಡು ಹೋಗಾಕ. ಹೋದ್ರ ತಿರುಗಿ ಕಳಸಂಗಿಲ್ಲಂತ."

ಅವನು ಅಳಲಿಲ್ಲ. ಲುಂಗಿಯ ಅಂಚನ್ನು ಮಡಿಸಿ ಮಡಿಸಿ ಬಿಚ್ಚುತ್ತಿದ್ದ. ಆ ಗುರುವಾರ ಅವನಿಗೆ ಎರಡು ಭಯವಿತ್ತು: ದೇಹಕ್ಕೆ ಏನಾಗುತ್ತದೋ ಎಂದು ಒಂದು, ನಾಳೆ ಮನೆಗೆ ಒಬ್ಬನೇ ಹೋಗಬೇಕಾಗುತ್ತದೋ ಎಂದು ಇನ್ನೊಂದು. ಎರಡನೆಯದಕ್ಕೆ ನನ್ನಲ್ಲಿ ಔಷಧಿಯಿಲ್ಲ ಎಂದುಕೊಂಡೆ.

ಅವನ ಅಂಗಿ ಜೇಬಿನಲ್ಲಿ ಹಿಂದಿನ ದಿನ ಬೇರೆಲ್ಲೋ ಮಾಡಿಸಿದ ಸ್ಕ್ಯಾನಿಂಗ್ ವರದಿ ಇತ್ತು. ಒಳಗೆ ಕೀವು ಇದೆ ಎಂದಷ್ಟೇ ಬರೆದಿತ್ತು. ನನಗೂ ಅಷ್ಟು ಸಾಕೆನಿಸಿತ್ತು. ಆದರೂ ಹೊರಗೆ ಬಂದು ದುರುಗಮ್ಮನನ್ನು ಕೇಳಿದೆ. ಬೈಯುವುದಕ್ಕೇ ಕೇಳಿದೆ ಎಂದರೂ ತಪ್ಪಿಲ್ಲ: "ಅಂಥಾ ಜಾಗಕ್ಕ ಸುಣ್ಣ ಯಾಕ ಹಚ್ಚಿದಿ?"

"ಮುಳ್ಳು ಹೊರಗ ಬರ್ಲಿ ಅಂತ್ರಿ."

ನನ್ನ ಪೆನ್ನು ನಿಂತಿತು. "ಯಾವ ಮುಳ್ಳು?"

"ಹಿಂದಿನ ವಾರ ಕುರಿ ಹಟ್ಟಿಗೆ ಬೇಲಿ ಹಾಕಾಕ ಜಾಲಿ ಕಡಿಯಾಕ ಹೋಗಿದ್ರಿ. ಟೊಂಗಿ ಹಾರಿ ಬಡೀತಂತ. ಮುಳ್ಳು ಅಲ್ಲೇ ಕಿತ್ತು ಒಗದಿನಿ ಅಂದ್ರು. ಲುಂಗಿ ನಾನ ಒಗದೀನಿ ಮೇಡಂ, ರಕ್ತದ ಬೊಟ್ಟು ಇತ್ತು. ಪೂರಾ ಬಂದಿಲ್ಲ, ತುದಿ ಒಳಗ ಉಳದೈತಿ ಅಂತ ಆವಾಗಿಂದ ಹೇಳಾಕತ್ತೀನಿ. ಯಾರೂ ಕೇಳವಲ್ರು."

ಕಾಲಿಗೆ ಚುಚ್ಚಿ ಮುರಿದ ಮುಳ್ಳಿಗೆ ಸುಣ್ಣ-ಬೆಲ್ಲ ಕಟ್ಟುವುದು ಇಲ್ಲಿನ ಎಲ್ಲ ಮನೆಗಳ ಪದ್ಧತಿ. ಅವಳು ಜಾಗವನ್ನು ಮಾತ್ರ ತಪ್ಪಿದ್ದಳು, ಕಾಯಿಲೆಯನ್ನಲ್ಲ. ಸೂಜಿ ಮಾಡುವವನು, ಸ್ಕ್ಯಾನಿಂಗಿನವರು, ನಾನು, ಎಲ್ಲರೂ ಗಂಡನನ್ನೇ ಕೇಳಿದ್ದೆವು; ಮುಳ್ಳು ಕಿತ್ತು ಒಗೆದೆನೆಂದುಕೊಂಡಿದ್ದ ಅವನು ಚುಚ್ಚಿದ್ದನ್ನು ಲೆಕ್ಕಕ್ಕೇ ಹಿಡಿಯದೆ ಇಲ್ಲ ಎಂದಿದ್ದ. ಅವಳನ್ನು ಯಾರೂ ಕೇಳಿರಲಿಲ್ಲ.

ಇಬ್ಬರನ್ನೂ ನಮ್ಮ ಗಾಡಿಯಲ್ಲೇ ಸಿಂಧನೂರಿಗೆ ಕರೆದೊಯ್ದೆ. ಅಲ್ಲಿನ ಸ್ಕ್ಯಾನಿಂಗ್ ವೈದ್ಯರಿಗೆ ಕೀವು ಹುಡುಕಬೇಡಿ, ಮುಳ್ಳು ಹುಡುಕಿ ಎಂದೆ. ಅವರು ಸಣ್ಣ ಭಾಗಗಳನ್ನು ನೋಡುವ ಉಪಕರಣವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಯಂತ್ರದ ತೆರೆಯ ಮೇಲೆ, ಕೀವಿನ ಕಪ್ಪಿನ ತಳದಲ್ಲಿ ಬೆಳ್ಳನೆಯ ಒಂದು ಗೆರೆ, ಅದರ ಹಿಂದೆ ನೆರಳು.

ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ. "ಸೋಮವಾರಕ್ಕ ಇಡು," ಎಂದರು ಅಭ್ಯಾಸದಂತೆ.

"ಇವತ್ತೇ ತೆಗೀಬೇಕು ಸರ್. ಜ್ವರ ಅದ, ಕೀವು ಒಳಗಿನ ಪದರಕ್ಕ ಹೋಗೇದ. ನಾನೇ ಮಾಡ್ತೀನಿ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. "ಮಾಡು. ನಾ ಬಂದು ನಿಲ್ತೀನಿ."

ಇಲ್ಲಿ ಕಿರಿಯರಿಗೆ ಸ್ವಲ್ಪ ಪಾಠ. ಶಿಶ್ನದ ಬಾವು ಎರಡು ಬಗೆ: ಚರ್ಮದ ಕೆಳಗೆ ನಿಂತದ್ದು, ನಿಮಿರುವ ಮೆತ್ತನೆಯ ಅಂಗಾಂಶದೊಳಗೆ ಹೋದದ್ದು. ಮೊದಲನೆಯದು ಚಿಕ್ಕದಿದ್ದರೆ ಸೂಜಿಯಿಂದ ಎಳೆದು, ಔಷಧಿ ಕೊಟ್ಟು ಕಾಯಬಹುದು. ಎರಡನೆಯದಕ್ಕೆ ಬರೀ ಗುಳಿಗೆ ನಂಬಿ ಕೂರಬೇಡಿ. ತಡವಾದಷ್ಟೂ ಒಳಗೆ ಗಾಯದ ಕಲೆ ಕಟ್ಟಿ ಮುಂದೆ ಅಂಗ ಬಾಗುತ್ತದೆ, ನಿಮಿರುವುದೂ ಕುಂದಬಹುದು. ಕೊಯ್ಯುವುದಾದರೆ ಉದ್ದಕ್ಕೆ, ಬದಿಯಲ್ಲಿ, ಮೂತ್ರದ ನಾಳದಿಂದ ದೂರ. ಕೀವನ್ನು ಪರೀಕ್ಷೆಗೆ ಕಳಿಸದೆ ಚೆಲ್ಲಬೇಡಿ. ಹೊಲಿದು ಮುಚ್ಚಬೇಡಿ, ಗಾಯ ತಳದಿಂದ ತುಂಬಿಕೊಂಡು ಬರಲಿ. ಚರ್ಮ ಕಪ್ಪಾಗಿ, ವಾಸನೆ ಇದ್ದು, ಒತ್ತಿದರೆ ಚರಚರ ಎಂದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸಿ. ಮುಕ್ಕುಂದದವರಿಂದ ಕಲಿತದ್ದು ಅದು.

ಅಮರೇಶನನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಿದಾಗ ನರ್ಸ್ ಕತ್ತರಿ ತೆಗೆದುಕೊಂಡು ಅವನ ಸೊಂಟದ ಉಡದಾರ ಕತ್ತರಿಸಲು ಹೋದಳು. ಅವನು ಎರಡೂ ಕೈಯಿಂದ ದಾರವನ್ನು ಹಿಡಿದುಕೊಂಡ. ಸತ್ತ ಮೇಲೆ ತೆಗೆಯುವ ದಾರ ಅದು. ಹುಸೇನಪ್ಪ ಅವಳ ಕೈ ಹಿಡಿದ. "ಬ್ಯಾಡವ್ವ. ಅವ ಇಲ್ಲಿಗೆ ಬದುಕಾಕ ಬಂದಾನ." ದಾರವನ್ನು ಹೊಟ್ಟೆಯ ಮೇಲಕ್ಕೆ ಸರಿಸಿ, ಸ್ಪಿರಿಟ್‌ನಿಂದ ಒರೆಸಿ, ಟೇಪ್ ಹಚ್ಚಿದೆವು. ಅದಾದ ಮೇಲೆ ನಮ್ಮಲ್ಲಿ ಯಾರ ಉಡದಾರವನ್ನೂ ಕತ್ತರಿಸಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮರಗಟ್ಟಿಸಿದ್ದೆವು. ದೊಡ್ಡ ಡಾಕ್ಟರು ಗೋಡೆಗೆ ಒರಗಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ನಾನು ಕೊಯ್ದೆ. ಕೀವು ಬಂತು, ಸುಮಾರು ಎರಡು ಚಮಚ. ತೊಳೆದೆ. ಮುಳ್ಳಿಲ್ಲ. ಮತ್ತೆ ತೊಳೆದೆ. ಇಲ್ಲ. ಬೆರಳ ತುದಿಯಿಂದ ಗೂಡಿನ ಗೋಡೆಯನ್ನು ಸುತ್ತ ಮುಟ್ಟಿ ನೋಡಿದೆ. ಬುಡದ ಕಡೆ ಒಂದು ಕಡೆ ಕೈಗವಸಿಗೆ ಏನೋ ತಡೆಯಿತು. ಸಣ್ಣ ಚಿಮಟದಿಂದ ಹಿಡಿದು, ಚುಚ್ಚಿದ ದಿಕ್ಕಿನಲ್ಲೇ ಹಿಂದಕ್ಕೆ ಎಳೆದೆ. ಬಂತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು, ಕಪ್ಪು, ತುದಿ ಇನ್ನೂ ಚೂಪಾಗಿತ್ತು. ಬಟ್ಟಲಿಗೆ ಹಾಕಿದಾಗ ಸದ್ದೂ ಆಗಲಿಲ್ಲ.

ದೊಡ್ಡ ಡಾಕ್ಟರು ಬಗ್ಗಿ ನೋಡಿದರು. "ನಾ ಆಗಿದ್ರ ಕೀವು ತಗದು ಕಳಿಸಿಬಿಡ್ತಿದ್ದೆ. ಹದಿನೈದು ದಿನಕ್ಕ ಮತ್ತ ಬರ್ತಿದ್ದ." ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಇನ್ನ ಸೋಮವಾರದ ಸುದ್ದಿ ಬಿಡು. ಯಾವ ದಿನ ಬರ್ತಾರೋ ಆ ದಿನ ನೀನ ನೋಡು."

ಆರು ವರ್ಷದ ನಿಯಮ ಹೀಗೆ ಹೋಯಿತು. ನಾನು ಮಾಸ್ಕಿನೊಳಗೆ ನಕ್ಕಿದ್ದು ಯಾರಿಗೂ ಕಾಣಲಿಲ್ಲ.

ಶುಕ್ರವಾರ ಮಧ್ಯಾಹ್ನ ದುರುಗಮ್ಮನ ತಂದೆ, ಮಗಳು ಸಿಂಧನೂರಿನಲ್ಲಿದ್ದಾಳೆಂದು ಕೇಳಿ, ನೇರ ಆಸ್ಪತ್ರೆಗೇ ಬಂದರು. ಹನುಮಂತಪ್ಪ, ಮುದಗಲ್‌ನಲ್ಲಿ ಹಗ್ಗ, ಮೂಗುದಾರ ಮಾರುವ ಅಂಗಡಿಯವರು. ಕಂಕುಳಲ್ಲಿ ಮಡಚಿದ ಖಾಲಿ ಚೀಲವಿತ್ತು, ಮಗಳ ಬಟ್ಟೆ ತುಂಬಿಕೊಂಡು ಹೋಗಲು.

ಅವರು ಬರುವ ಮುಂಚೆಯೇ, ಮುಳ್ಳಿನ ಸಂಗತಿ ಮಾವನಿಗೆ ಹೇಳಬಹುದೇ ಎಂದು ಅಮರೇಶನನ್ನು ಕೇಳಿದ್ದೆ. ರೋಗಿಯ ಸಂಗತಿ ರೋಗಿಯದು. ಒಳ್ಳೆಯ ಸುದ್ದಿಯಾದರೂ ಅವನನ್ನು ಕೇಳದೆ ಹೇಳಬಾರದು. "ಮಾವಗ ತೋರಸ್ರಿ," ಎಂದ, "ಬೇಕಾದ್ರ ಊರಿಗೆಲ್ಲಾ ತೋರಸ್ರಿ." ಊರಿಗೆ ಬೇಡ ಎಂದು, ಅವನ ನೋಟ್‌ಬುಕ್ಕಿನಲ್ಲಿ ಮಾವನಿಗೆ ಎಂದಷ್ಟೇ ಬರೆದು ಸಹಿ ಹಾಕಿಸಿಕೊಂಡೆ.

"ನನ್ನ ಮಗಳನ್ನ ಕರ್ಕೊಂಡು ಹೋಗಾಕ ಬಂದೀನ್ರಿ," ಎಂದರು ಹನುಮಂತಪ್ಪ, ಕೂರದೆ. "ಜಡ್ಡು ಎಂಥಾದ್ದು ಅಂತ ನಾ ಕೇಳಂಗಿಲ್ಲ. ಕೇಳಿದ್ರ ನಮ್ಮ ಇಜ್ಜತ್ ಹೋಗ್ತೈತಿ."

ಮುಳ್ಳು ಹಾಕಿಟ್ಟಿದ್ದ ಸಣ್ಣ ಗಾಜಿನ ಸೀಸೆಯನ್ನು ಮೇಜಿನ ಮೇಲೆ ಅವರ ಕಡೆ ಸರಿಸಿದೆ. ಅವರು ಅದನ್ನು ಕಿಟಕಿ ಬೆಳಕಿಗೆ ಹಿಡಿದರು, ತಿರುಗಿಸಿದರು.

"ಇದು ಬಳ್ಳಾರಿ ಜಾಲಿ."

"ಹೌದು."

"ಎಲ್ಲಿತ್ರಿ ಇದು?"

"ನೋವು ಎಲ್ಲಿತ್ತೋ ಅಲ್ಲೇ ಇತ್ತು. ಇದರಿಂದಲೇ ಕೀವು. ಬೇರೆ ಯಾವ ಕಾಯಿಲೆಯೂ ಇಲ್ಲ. ರಕ್ತದ ಪರೀಕ್ಷೆಯೂ ಆಗೇದ."

ಅವರು ಕುರ್ಚಿ ಎಳೆದುಕೊಂಡು ಕೂತರು. ಬಾಗಿಲಲ್ಲಿ ದುರುಗಮ್ಮ ನಿಂತಿದ್ದಳು.

"ಫೋನ್‌ನ್ಯಾಗ ಹೇಳಿದ್ನಿಲ್ಲೇನಪಾ? ಮುಳ್ಳು, ಮುಳ್ಳು ಅಂತ ಮೂರು ಸಲ ಅಂದೆ. ನೀ ಕೇಳಿದ್ಯೇನು?"

"ಕೇಳಿದ್ನವ್ವ," ಎಂದರು ತಂದೆ. "ಖರೇ ಅನ್ನಿಸ್ಲಿಲ್ಲ. ಗಂಡನ್ನ ಉಳಸ್ಕೊಳ್ಳಾಕ ಅನ್ನಾಕತ್ತಾಳ ಅನ್ಕೊಂಡೆ."

"ಉಳಸ್ಕೊಳ್ಳಾಕ ಅಂದಿದ್ರ ಚಲೋ ಸುಳ್ಳು ಹೇಳ್ತಿದ್ದಿಲ್ಲೇನು? ಮುಳ್ಳು ಅಂತ ಯಾರು ಸುಳ್ಳು ಹೇಳ್ತಾರ?"

ಹನುಮಂತಪ್ಪ ನನ್ನ ಕಡೆ ನೋಡಿದರು. ನಾನು ದಿನಾಂಕ ಬರೆದೆ, ಎರಡನೇ ಸಲ.

ಅವರು ವಾರ್ಡಿಗೆ ಹೋದರು. ಹಾಸಿಗೆ ಪಕ್ಕ ನಿಂತರಂತೆ. ಆಮೇಲೆ ಹೇಳಿದ್ದು ಇಷ್ಟು, ಅದು ಹುಸೇನಪ್ಪನಿಂದ ನನಗೆ ತಿಳಿಯಿತು: "ಅಳಿಯಾ, ಇನ್ನ ಮ್ಯಾಲ ಜಾಲಿ ಕಡಿಯಾಕ ಹೋದ್ರ ಪ್ಯಾಂಟ್ ಹಾಕ್ಕೊಂಡು ಹೋಗಪಾ." ಅಮರೇಶ ನಗಲು ಹೋಗಿ, ನೋವಾಗಿ, "ಮಾವ, ನಗಸಬ್ಯಾಡ್ರಿ" ಎಂದನಂತೆ. ಸಂಜೆಯ ಬಸ್ಸಿಗೆ ಹನುಮಂತಪ್ಪ ಒಬ್ಬರೇ ಹೋದರು. ಹೋಗುವ ಮುಂಚೆ ಮಾರ್ಕೆಟ್ಟಿಗೆ ಹೋಗಿ ಬಂದಿದ್ದರು. ಅವರ ಚೀಲ ಅಳಿಯನ ಮಂಚದ ಕೆಳಗಿತ್ತು, ತುಂಬ ಮೋಸಂಬಿ.

ಮುಂದಿನದು ಹೇಳಿಬಿಡುತ್ತೇನೆ. ಕೀವಿನ ವರದಿ ಬಂತು, ಅದರಂತೆ ಔಷಧಿ ಬದಲಿಸಿದೆವು. ಗಾಯ ತಳದಿಂದ ತುಂಬಿತು. ಬಾಗಲಿಲ್ಲ, ಯಾವ ಕೊರತೆಯೂ ಉಳಿಯಲಿಲ್ಲ. ಎರಡು ತಿಂಗಳ ನಂತರ ಕೊನೆಯ ತಪಾಸಣೆಗೆ ಅಮರೇಶ ಮಸ್ಕಿಗೆ ಬರಲಿಲ್ಲ, ಸಿಂಧನೂರಿಗೂ ಬರಲಿಲ್ಲ. ಮಂಗಳವಾರ ಲಿಂಗಸುಗೂರಿಗೆ ಬಂದ, ತನ್ನದೇ ತಾಲೂಕಿಗೆ. ಮುಂದಿನ ಬೆಂಚಿನಲ್ಲಿ ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅವನೂರಿನ ಇನ್ನೊಬ್ಬ ಗಂಡಸು, ಟವೆಲ್‌ನಲ್ಲಿ ಮುಖ ಅರ್ಧ ಮುಚ್ಚಿಕೊಂಡವನು. "ಹೋಗಲೇ ಒಳಗ," ಎನ್ನುತ್ತಿದ್ದ ಅಮರೇಶ. "ಮೇಡಂ ನಿನ್ನ ಮುಖ ನೋಡಂಗಿಲ್ಲ. ಬರಕೋತ ಕೂಡ್ತಾರ." ಮುಂದಿನ ವರ್ಷ ದುರುಗಮ್ಮ ನಮ್ಮ ಆಸ್ಪತ್ರೆಯ ಇನ್ನೊಂದು ವಿಭಾಗಕ್ಕೆ ಬಂದಳು, ಹೆರಿಗೆಗೆ.

ಅಂದಿನಿಂದ ನನ್ನ ಪ್ರಶ್ನೆಗಳ ಸಾಲಿಗೆ ಇನ್ನೊಂದು ಸೇರಿತು, ಎಲ್ಲಕ್ಕಿಂತ ಮೊದಲು ಕೇಳುವುದು: ಮನೆಯಲ್ಲಿ ಏನು ಹಚ್ಚಿದಿರಿ, ಹಚ್ಚಿದವರು ಯಾರು, ಅವರು ಯಾಕೆ ಹಚ್ಚಿದರು? ಮದ್ದು ತಪ್ಪಿದ್ದರೂ ಹಚ್ಚಿದವರಿಗೆ ಏನೋ ಗೊತ್ತಿರುತ್ತದೆ.

ಆದರೆ ನನಗೆ ಹೆಚ್ಚು ನೆನಪಿರುವುದು ಹನುಮಂತಪ್ಪ ಊರಿಗೆ ಹೋದ ಮರುದಿನ, ಶನಿವಾರದ ಬೆಳಿಗ್ಗೆ. ಮನೆಗೆ ಹೋದ ಮೇಲೆ ದಿನಾ ಡ್ರೆಸ್ಸಿಂಗ್ ಮಾಡುವವರು ಬೇಕಿತ್ತು, ಗುರುಗುಂಟಾದಲ್ಲಿ ಅವನು ಮತ್ತೆ ಯಾರಿಗೂ ತೋರಿಸುವಂತಿರಲಿಲ್ಲ. ನಾನು ಮನೆಯಿಂದ ನನ್ನ ಉಗುರು ಕತ್ತರಿ ತಂದಿದ್ದೆ. ಬೇಸಿನ್ ಪಕ್ಕ ನಿಂತು ದುರುಗಮ್ಮ ಹತ್ತೂ ಉಗುರು ತೆಗೆದಳು; ಹೆಬ್ಬೆರಳಿನ ಉಗುರು ಬಿದ್ದಾಗ ಅದರ ಜೊತೆ ಆ ಸುಣ್ಣವೂ ಬಿತ್ತು. ಸೋಪು ಹಚ್ಚಿ ಮೊಣಕೈವರೆಗೆ ಮೂರು ಸಲ ತೊಳೆಸಿದೆ. ಕೈಗವಸು ಹಾಕಿಸಿದೆ. ಆಮೇಲೆ ಚಿಮಟವನ್ನೂ ಒದ್ದೆ ಗಾಜ್ ಬಟ್ಟೆಯನ್ನೂ ಅವಳ ಕೈಗೆ ಕೊಟ್ಟು, ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.